ಬಾಕಿ ಎಷ್ಟ ಉಳದೈತ್ರಿ, ಬೀಗರ?

ಮನೆಯ ಯಜಮಾನನಿಗೆ ಸುದ್ದಿ ತಿಳಿಯುವುದು ಎಲ್ಲರಿಗಿಂತ ಕೊನೆಗೆ. ಇದು ನಮ್ಮ ಮನೆಯೊಂದರ ಪದ್ಧತಿಯಲ್ಲ, ನಿಮ್ಮಲ್ಲೂ ಹೀಗೇ ಎಂದು ನನಗೆ ಗೊತ್ತು. ಇಲ್ಲ ಎನ್ನುವವರು ಹೆಂಡತಿ ಪಕ್ಕದಲ್ಲಿ ಕೂತಿರುವಾಗ ಇದನ್ನು ಓದುತ್ತಿದ್ದಾರೆ, ಅಷ್ಟೇ. ಹಾನಗಲ್ಲಿನ ನಮ್ಮ ಓಣಿಯಲ್ಲಿ ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಎಮ್ಮೆ ಈಯಿತು, ಯಾರು ಬೋರು ಕೊರೆಸಿ ಬರೀ ಧೂಳು ಕಂಡರು, ಇವೆಲ್ಲ ನಮ್ಮಾಕಿಗೆ ಅಂಗಳದ ಕಸ ಹೊಡೆಯುವ ಹೊತ್ತಿಗೇ ಗೊತ್ತಾಗಿರುತ್ತವೆ. ನಾನು ಪೇಪರ್ ಬಿಡಿಸಿ, ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡು "ಏ, ಇಲ್ಲಿ ಕೇಳಿಲ್ಲೆ..." ಎನ್ನುವಷ್ಟರಲ್ಲಿ ಅಡಿಗೆ ಮನೆಯಿಂದ ಉತ್ತರ ಬರುತ್ತದೆ: "ಗೊತ್ತೈತಿ."

ಸಂಬಂಧದ ಲೆಕ್ಕದಲ್ಲಿ ನಾನು ಹಾವೇರಿ ಜಿಲ್ಲೆಯ ನಾಲ್ಕು ಊರುಗಳಿಗೆ ಹಂಚಿಹೋದ ಮನುಷ್ಯ. ಮನೆ ಹಾನಗಲ್ಲಿನಲ್ಲಿ. ಹೆಂಡತಿಯ ತವರು ಸವಣೂರು. ಅಕ್ಕನನ್ನು ಕೊಟ್ಟದ್ದು ಶಿಗ್ಗಾಂವಿಗೆ, ಮಗಳನ್ನು ಹಿರೇಕೆರೂರಿಗೆ. ನಾಲ್ಕೂ ಕಡೆ ನನ್ನನ್ನು ಕುರ್ಚಿ ಹಾಕಿ ಕೂರಿಸಿ ಚಹಾ ಕೊಡುತ್ತಾರೆ, ಮಾತು ಮಾತ್ರ ನಮ್ಮಾಕಿಯ ಜೊತೆ ಆಡುತ್ತಾರೆ. ಈ ನಾಲ್ಕು ಊರಲ್ಲೂ "ಭಾಳ ತಿಳಕೊಂಡಾಂವ ನೋಡಪಾ" ಎನಿಸಿಕೊಳ್ಳಬೇಕು ಎಂಬುದು ನನ್ನ ಹಳೆಯ ಚಟ.

2023ರ ಬೇಸಿಗೆಯಲ್ಲಿ ಅಕ್ಕನ ಮಗ ಬೆಂಗಳೂರಿನಿಂದ ಬಂದ. ಬಂದದ್ದು ನಮ್ಮ ಕಡೆಯ ಆಪೂಸು ಹಣ್ಣಿಗಾಗಿ, ನನ್ನನ್ನು ಮಾತಾಡಿಸಲಿಕ್ಕೆ ಎಂದು ಹೇಳಿದ್ದು ಅವನ ದೊಡ್ಡ ಗುಣ. ಕಂಪ್ಯೂಟರ್ ಕೆಲಸದ ಹುಡುಗ. ನಾನು ದಿನವೂ ಹತ್ತಾರು ವೆಬ್‌ಸೈಟು ತೆರೆದು, ಹೊಸದೇನೂ ಇಲ್ಲವೆಂದು ಮುಚ್ಚಿ, ಮತ್ತೆ ತೆರೆಯುವುದನ್ನು ಕಂಡು ಅವನಿಗೆ ಕರುಣೆ ಬಂತು.

"ಮಾಮಾ, ನೀವು ಅಲ್ಲಿಗೆ ಯಾಕ ಹೊಕ್ಕೀರಿ? ಅದನ್ನ ಇಲ್ಲಿಗೆ ಕರಸ್ರಿ. ಇದಕ್ಕ ಆರ್‌ಎಸ್‌ಎಸ್ ಅಂತಾರ."

ಆ ಹೆಸರು ಕೇಳಿ ಮೊದಲು ನಮ್ಮ ಮನೆಯಲ್ಲಿ, ಆಮೇಲೆ ಓಣಿಯಲ್ಲಿ, ಆಮೇಲೆ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಹುಟ್ಟಿದ ಚಡ್ಡಿ-ಲಾಠಿಯ ಜೋಕುಗಳನ್ನು ನೀವೂ ಈಗಾಗಲೇ ಮಾಡಿಕೊಂಡಿರುತ್ತೀರಿ. ಮುಂದೆ ಹೋಗೋಣ. ಈ ಆರ್‌ಎಸ್‌ಎಸ್ ಎಂದರೆ ರಿಯಲಿ ಸಿಂಪಲ್ ಸಿಂಡಿಕೇಶನ್. "ರಿಯಲಿ ಸಿಂಪಲ್" ಎಂದು ಅವರೇ ಹೇಳಿಕೊಂಡಿದ್ದರಿಂದ ನನಗೂ ಧೈರ್ಯ ಬಂತು.

ಹುಡುಗ ಹಣ್ಣು ಚೀಪುತ್ತಾ ವಿವರಿಸಿದ. ವೆಬ್‌ಸೈಟಿನವರು ತಮ್ಮ ಪುಟಗಳ ಜೊತೆಗೆ ಒಂದು ಸಣ್ಣ ಫೈಲನ್ನೂ ಇಟ್ಟಿರುತ್ತಾರೆ. ಹೊಸ ಬರಹ ಹಾಕಿದಾಗಲೆಲ್ಲ ಅದರ ತಲೆಬರಹ, ಕೊಂಡಿ, ತಾರೀಖು, ಎರಡು ಸಾಲು ಸಾರಾಂಶ ಆ ಫೈಲಿನಲ್ಲಿ ತಾನಾಗಿಯೇ ಸೇರುತ್ತವೆ. ಅದಕ್ಕೆ ಫೀಡ್ ಎಂದು ಹೆಸರು. ನಮ್ಮ ಫೋನಿನಲ್ಲಿ ಫೀಡ್ ರೀಡರ್ ಎಂಬ ಆ್ಯಪ್ ಹಾಕಿ, ಬೇಕಾದ ಫೀಡುಗಳ ವಿಳಾಸ ಕೊಟ್ಟರೆ ಮುಗಿಯಿತು. ಅದು ಆಗಾಗ ಹೋಗಿ ಎಲ್ಲ ಫೈಲುಗಳನ್ನು ನೋಡಿಕೊಂಡು ಬಂದು, ಹೊಸತನ್ನೆಲ್ಲ ಒಂದೇ ಕಡೆ ತಾರೀಖಿನ ಪ್ರಕಾರ ಜೋಡಿಸುತ್ತದೆ. ಬರೆದವರಿಗೆ ನಮ್ಮ ಫೋನ್ ನಂಬರ್ ಕೊಡಬೇಕಿಲ್ಲ, ಇ-ಮೇಲ್ ಕೊಡಬೇಕಿಲ್ಲ. "ಫೇಸ್‌ಬುಕ್‌ನ್ಯಾಗ ನಿಮಗ ಏನ ತೋರಸಬೇಕು ಅಂತ ಅವರು ಠರಾಯಿಸ್ತಾರ ಮಾಮಾ. ಇಲ್ಲಿ ನೀವ ಠರಾಯಿಸೂದು."

ನಮ್ಮ ಮನೆಯಲ್ಲಿ ನಾನು ಏನನ್ನಾದರೂ ಠರಾಯಿಸಿ ಎಷ್ಟೋ ಕಾಲವಾಗಿತ್ತು. ಮೈ ಜುಮ್ಮೆಂದಿತು.

ಅದೂ ಅಲ್ಲದೆ, ನಿವೃತ್ತನಾಗುವ ತನಕ ನಾನು ಸರಕಾರಿ ಕಚೇರಿಯೊಂದರಲ್ಲಿ ಆವಕ-ಜಾವಕದ ಗುಮಾಸ್ತ. ಹುಡುಗ ಹೇಳಿದ್ದು ಥೇಟ್ ಆವಕ ಪುಸ್ತಕದ ಹಾಗೇ ಇತ್ತು: ಕಾಗದ ಬಂತು, ನಂಬರು ಬಿತ್ತು, ತಾರೀಖು ಬಿತ್ತು. ಜಾವಕದ ಕಡೆ ನನ್ನ ಕೈ ಮೊದಲಿನಿಂದಲೂ ಸ್ವಲ್ಪ ನಿಧಾನ. ಆ ಮಾತು ಈಗ ಬೇಡ, ಮುಂದೆ ಅದಾಗಿಯೇ ಬರುತ್ತದೆ.

ಆ ರಾತ್ರಿ ಊಟಕ್ಕೆ ಕೂತಾಗ ಹೊಸ ಪಾಂಡಿತ್ಯವನ್ನೆಲ್ಲ ನಮ್ಮಾಕಿಯ ಮುಂದೆ ಸುರಿದೆ. ಇದು ಹುಟ್ಟಿದ್ದು 1999ರ ಮಾರ್ಚಿನಲ್ಲಿ, ನೆಟ್‌ಸ್ಕೇಪ್ ಕಂಪನಿಯಲ್ಲಿ. ಮಾಡಿದವರು ಡಾನ್ ಲಿಬ್ಬಿ ಮತ್ತು ರಾಮನಾಥನ್ ಗುಹಾ, ಈ ಗುಹಾ ಮದ್ರಾಸ್ ಐಐಟಿಯಲ್ಲಿ ಓದಿದವರು. 2000ದ ಡಿಸೆಂಬರಿನಲ್ಲಿ ಬಂದ 1.0 ಆವೃತ್ತಿಯ ನಿಯಮ ಬರೆದ ಗುಂಪಿನಲ್ಲಿ ಆರನ್ ಸ್ವಾರ್ಟ್ಜ್ ಎಂಬ ಹುಡುಗನಿದ್ದ, ಆಗ ಅವನಿಗೆ 14 ವರ್ಷ. 2002ರಲ್ಲಿ ಡೇವ್ ವೈನರ್ ಎಂಬವರು 2.0 ತಂದರು. ಇಷ್ಟನ್ನೂ ಕೇಳಿ ನಮ್ಮಾಕಿ ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

"14 ವರ್ಸದ ಹುಡುಗ ಮಾಡಿದ್ದನ್ನ ನೀವು ಈಗ ಕಲೀಲಿಕ್ಕೆ ಹೊಂಟೀರಿ. ಪಲ್ಯಾ ಹಾಕಲೇನು?"

ಹುಡುಗ ಆ್ಯಪ್ ಹಾಕಿಕೊಟ್ಟು ಬೆಂಗಳೂರಿಗೆ ಹೋದ. ಉಳಿದದ್ದನ್ನು ನಾನೇ ಮಾಡುತ್ತೇನೆ ಎಂದು ಅವನನ್ನು ಬಸ್ ಹತ್ತಿಸಿದ್ದೆ. ಹಳೆಯ ಪತ್ರಿಕೆಯೊಂದರಲ್ಲಿ "ಕಿತ್ತಳೆ ಬಣ್ಣದ ಚೌಕದಲ್ಲಿ ಒಂದು ಚುಕ್ಕೆ, ಎರಡು ಕಮಾನು ಇರುವ ಗುರುತು ಒತ್ತಿ, ಗೂಗಲ್ ರೀಡರಿಗೆ ಸೇರಿಸಿ" ಎಂದು ಓದಿದ್ದು ನೆನಪಿತ್ತು. ಮೂರು ದಿನ ಕಿತ್ತಳೆ ಹುಡುಕಿದೆ. ಆಮೇಲೆ ತಿಳಿದದ್ದು: 2005ರಲ್ಲಿ ಶುರುವಾದ ಗೂಗಲ್ ರೀಡರನ್ನು 2013ರ ಜುಲೈ 1ಕ್ಕೆ ಬಾಗಿಲು ಹಾಕಿದ್ದಾರೆ. ಫೈರ್‌ಫಾಕ್ಸ್ ಬ್ರೌಸರಿನವರು ಫೀಡ್ ತೋರಿಸುವ ಸೌಲಭ್ಯವನ್ನು 2018ರ ಡಿಸೆಂಬರಿನಲ್ಲಿ ಕಿತ್ತು ಹಾಕಿದ್ದಾರೆ. ಜಗತ್ತು ಹಬ್ಬ ಮುಗಿಸಿ ಪೆಂಡಾಲು ಬಿಚ್ಚುವಾಗ ನಾನು ಹೊಸ ಅಂಗಿ ತೊಟ್ಟು ಬಂದಿದ್ದೆ.

ಆದರೆ ಫೀಡುಗಳು ಸತ್ತಿರಲಿಲ್ಲ, ಕಣ್ಣಿಗೆ ಬೀಳುತ್ತಿರಲಿಲ್ಲ ಅಷ್ಟೇ. ಜನ ಕಿವಿಗೆ ಸಿಕ್ಕಿಸಿಕೊಂಡು ಕೇಳುವ ಪಾಡ್‌ಕಾಸ್ಟುಗಳೂ ಒಳಗೊಳಗೆ ಇದೇ ಆರ್‌ಎಸ್‌ಎಸ್ ಮೇಲೆ ಓಡುತ್ತವೆ. ವರ್ಡ್‌ಪ್ರೆಸ್ಸಿನಲ್ಲಿ ಮಾಡಿದ ತಾಣವಾದರೆ ವಿಳಾಸದ ಕೊನೆಗೆ ಒಂದು ಓರೆಗೆರೆ ಹಾಕಿ ಇಂಗ್ಲಿಷಿನಲ್ಲಿ ಫೀಡ್ ಎಂದು ಬರೆದರೆ ಸಾಕು, ಸಾಮಾನ್ಯವಾಗಿ ಸಿಗುತ್ತದೆ. ಅದನ್ನು ಆ್ಯಪಿನಲ್ಲಿ ಹಾಕಬೇಕು. ನಾನು ಬ್ರೌಸರಿನಲ್ಲಿ ಹಾಕಿದೆ. ಪರದೆಯ ತುಂಬ ಮೂಲೆ ಕಂಸಗಳು, ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಕನ್ನಡ ಅಕ್ಷರ.

ನಮ್ಮಾಕಿ ಹೆಗಲ ಮೇಲಿಂದ ಇಣುಕಿದಳು. "ಒಡದ್ರೇನ ಫೋನ್?"

"ಇದಕ್ಕ ಎಕ್ಸ್‌ಎಂಎಲ್ ಅಂತಾರ."

"ಏನರ ಅನ್ಲಿ, ಕಂತು ಇನ್ನೂ ಮುಗದಿಲ್ಲ."

ಹಾದಿ ತಿಳಿದ ಮೇಲೆ ನನ್ನನ್ನು ಹಿಡಿಯುವವರಿರಲಿಲ್ಲ. ಕಂಡದ್ದನ್ನೆಲ್ಲ ಸೇರಿಸಿದೆ. ಕೃಷಿ, ಕ್ರಿಕೆಟ್, ಇತಿಹಾಸ, ಖಗೋಳ, ಷೇರು ಪೇಟೆ (ಷೇರು ಒಂದೂ ಇಲ್ಲ, ಇರಲಿ). ಕನ್ನಡ ಬ್ಲಾಗುಗಳಂತೂ ಸಿಕ್ಕಷ್ಟೂ. ಅವುಗಳಲ್ಲಿ ಬಹಳಷ್ಟರ ಕೊನೆಯ ಬರಹ 2009ರದ್ದೋ 2010ರದ್ದೋ. ಅದರಲ್ಲಿ ಬರೆದವರು "ತಡವಾದದ್ದಕ್ಕೆ ಕ್ಷಮಿಸಿ, ಇನ್ನು ಮುಂದೆ ತಪ್ಪದೆ ಬರೆಯುತ್ತೇನೆ" ಎಂದು ಮಾತು ಕೊಟ್ಟಿದ್ದರು. ನಂಬಿಕೊಂಡು ಈಗಲೂ ಇಟ್ಟುಕೊಂಡಿದ್ದೇನೆ.

ದೊಡ್ಡ ಅನಾಹುತ ಮಾಡಿದ್ದು ವಿಕಿಪೀಡಿಯಾ. ಕನ್ನಡ ವಿಕಿಪೀಡಿಯಾ 2003ರಿಂದ ಇದೆ. ಅದರ "ಇತ್ತೀಚಿನ ಬದಲಾವಣೆಗಳು" ಪುಟಕ್ಕೂ ಫೀಡ್ ಇದೆ ಎಂದು ತಿಳಿದು ಹಿರಿಹಿರಿ ಹಿಗ್ಗಿದೆ. ಕನ್ನಡದ ಜ್ಞಾನವೆಲ್ಲ ಬೆಳೆಯುವಾಗಲೇ ನೋಡುವ ಭಾಗ್ಯ! ಸೇರಿಸಿ, ಹೊಸತು ಬಂದರೆ ಗಂಟೆ ಬಾರಿಸು ಎಂದೂ ಒತ್ತಿ ಮಲಗಿದೆ. ಜ್ಞಾನ ಬೆಳೆಸುವವರು ರಾತ್ರಿಯೇ ಬೆಳೆಸುತ್ತಾರೆ. ಒಬ್ಬರು ಅಲ್ಪವಿರಾಮ ಹಾಕಿದರು, ಟಿಣ್. ಇನ್ನೊಬ್ಬರು ತೆಗೆದರು, ಟಿಣ್. ನಡುರಾತ್ರಿ ಯಾರೋ ಪುಣ್ಯಾತ್ಮರು ಸಾಲಾಗಿ ಪುಟಗಳಿಗೆಲ್ಲ ವರ್ಗ ಸೇರಿಸುತ್ತಾ ಹೋದರು, ಟಿಣ್ ಟಿಣ್ ಟಿಣ್. ನಮ್ಮಾಕಿ ಎದ್ದು ಫೋನನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹಾಕಿ ಮುಚ್ಚಳ ಬಿಗಿದಳು. ಮುಂಜಾನೆ ರೊಟ್ಟಿ ಬಡಿಯುವಾಗ ಡಬ್ಬಿಯೊಳಗಿಂದ ಮತ್ತೊಂದು ಸಲ ಟಿಣ್ ಎಂದಿತು. ಚಾರ್ಜಿಂಗಿನ ತೂತಿನಿಂದ ಹಿಟ್ಟು ತೆಗೆಯಲು ಸೂಜಿ ಕೇಳಿದರೆ ಆಕೆ ಕೊಡಲಿಲ್ಲ.

ಅದೇ ವಾರ ಸಂಡಿಗೆ ಪ್ರಕರಣ. ಮಾಳಿಗೆಯ ಮೇಲೆ ಸೀರೆ ಹಾಸಿ ಸಂಡಿಗೆ ಹಾಕಿ, ಕಾಗೆ ಕಾಯಲು ನನ್ನನ್ನು ಕೂರಿಸಿದ್ದರು. ಕಾಗೆಯ ವಿಷಯದಲ್ಲಿ ನನ್ನ ಕಾವಲು ಚೊಕ್ಕ, ಒಂದನ್ನೂ ಇಳಿಯಗೊಡಲಿಲ್ಲ. ಕೈಯಲ್ಲಿ ಫೀಡು. ಅದರಲ್ಲಿ ಆಗತಾನೇ ಬಂದ ತಲೆಬರಹ: ಹಾವೇರಿ ಜಿಲ್ಲೆಯಲ್ಲಿ ಗುಡುಗು ಸಹಿತ ಮಳೆ ಸಾಧ್ಯತೆ. ಇಂಥ ಸುದ್ದಿ ಮನೆಯವರಿಗೆ ಮೊದಲು ಹೇಳುವ ಅವಕಾಶ ಮತ್ತೆಲ್ಲಿ ಸಿಗಬೇಕು? ಎರಡೆರಡು ಮೆಟ್ಟಿಲು ಹಾರಿ ಇಳಿದೆ. "ಏ, ಮಳಿ ಬರ್ತೇತಂತ ನೋಡು!" ಎಂದು ಬಾಗಿಲಲ್ಲಿ ನಿಂತು ಕೂಗಿದೆ. ನಮ್ಮಾಕಿ ನನ್ನನ್ನು ತಲೆಯಿಂದ ಪಾದದ ತನಕ ನೋಡಿದಳು. ನನ್ನ ಬನಿಯನ್ನಿನಿಂದ ನೀರು ಸೋರುತ್ತಿತ್ತು. "ಗೊತ್ತೈತಿ," ಎಂದು ಮಾಳಿಗೆಗೆ ಓಡಿದಳು.

ಇಂಥ ಕಡೆ ಸಾಮಾನ್ಯ ಗಂಡಸು ಸೋಲೊಪ್ಪಿಕೊಳ್ಳುತ್ತಾನೆ. ನನಗೆ ಮಾತ್ರ ಗೂಗಲ್ ಅಲರ್ಟ್ ಸಿಕ್ಕಿತು. ಬೇಕಾದ ಶಬ್ದವೊಂದನ್ನು ಅದಕ್ಕೆ ಕೊಟ್ಟರೆ, ಆ ಶಬ್ದ ಎಲ್ಲೇ ಹೊಸದಾಗಿ ಕಾಣಿಸಿಕೊಂಡರೂ ಹೇಳುತ್ತದೆ. ಇ-ಮೇಲ್ ಬೇಡ, ಫೀಡ್ ಮಾಡಿ ಕೊಡು ಎಂದರೆ ಹಾಗೂ ಕೊಡುತ್ತದೆ. ನಾನು ನಾಲ್ಕು ಶಬ್ದ ಕೊಟ್ಟೆ: ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು. ಇನ್ನು ನೋಡಿ! ಸವಣೂರಿನವರಿಗೆ ಸವಣೂರಿನ ಸುದ್ದಿಯನ್ನು, ಹಿರೇಕೆರೂರಿನವರಿಗೆ ಹಿರೇಕೆರೂರಿನ ಸುದ್ದಿಯನ್ನು ಹಾನಗಲ್ಲಿನಲ್ಲಿ ಕೂತು ನಾನು ಹೇಳುತ್ತೇನೆ.

ಮೊದಲು ನಮ್ಮೂರಿನದು. ಅಲರ್ಟಿನಲ್ಲಿ ವಿಶ್ವವಿದ್ಯಾಲಯದ ಪರೀಕ್ಷಾ ಪ್ರಕಟಣೆ ಬಂತು, ಹೆಸರಿನಲ್ಲಿ ಸ್ಪಷ್ಟವಾಗಿ ಹಾನಗಲ್ ಎಂದಿತ್ತು. ಚಹಾದಂಗಡಿಗೆ ಹೋಗಿ ನಮ್ಮೂರಿಗೆ ಸದ್ದಿಲ್ಲದೆ ವಿಶ್ವವಿದ್ಯಾಲಯ ಬಂದಿದೆ ಎಂದು ಸಾರಿದೆ. ತಾರಕೇಶ್ವರ ಗುಡಿಯ ಕಡೆಯೋ ಆನಿಕೆರೆಯ ಕಡೆಯೋ ಕಟ್ಟಿರಬೇಕು ಎಂದು ಜಾಗವನ್ನೂ ನಾನೇ ಗೊತ್ತು ಮಾಡಿದೆ. ಕಾಲೇಜು ಹುಡುಗನೊಬ್ಬ ನನ್ನ ಫೋನು ನೋಡಿ, "ಕಾಕಾ, ಇದು ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯ. ಮೈಸೂರಾಗೈತಿ," ಎಂದ. ಆಮೇಲೆ ಇಂಗ್ಲಿಷಿನಲ್ಲಿ ಅದೇ ಶಬ್ದ ಕೊಟ್ಟೆ. ಎ. ಕೆ. ಹಾನಗಲ್ ಬಂದರು. 1975ರ 'ಶೋಲೆ'ಯಲ್ಲಿ ಕುರುಡು ರಹೀಮ್ ಚಾಚಾ ಆಗಿ, ಊರೆಲ್ಲ ಯಾಕಿಷ್ಟು ಸುಮ್ಮನಿದೆ ಎಂದು ಕೇಳುತ್ತಾರಲ್ಲ, ಅವರೇ. ನಮ್ಮೂರಿನ ಬಗ್ಗೆ ಏನಾದರೂ ಇದೆಯೇ ಎಂದು ತೆರೆದಾಗಲೆಲ್ಲ ಅದೇ ಚಿತ್ರ, ಅದೇ ಪ್ರಶ್ನೆ. ಅಕ್ಕನಿಗೆ ಫೋನಿನಲ್ಲಿ ಹೇಳಿಕೊಂಡರೆ, "ವಿಶ್ವವಿದ್ಯಾಲಯ ಬೇಕಂದ್ರ ನಮ್ಮ ತಾಲೂಕಿಗೆ ಬಾರೋ ತಮ್ಮಾ, ಗೊಟಗೋಡಿಯಾಗ ಜಾನಪದದ್ದ ಐತಿ," ಎಂದು ಗಾಯಕ್ಕೆ ಖಾರ ಹಚ್ಚಿದಳು.

ಸವಣೂರಿನದು ಇದಕ್ಕಿಂತ ಕಷ್ಟ. ಸವಣೂರಿನಲ್ಲಿ ಅಡಿಕೆಗೆ ಕೊಳೆರೋಗ, ಬೆಳೆಗಾರರು ಕಂಗಾಲು ಎಂದು ಬಂತು. ತಡಮಾಡಲಿಲ್ಲ, ಅತ್ತೆಗೆ ಫೋನ್ ಹಚ್ಚಿ ಅತಿ ದುಃಖದ ದನಿಯಲ್ಲಿ ವಿಚಾರಿಸಿದೆ. ಅತ್ತೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಳ್ಯಾರ, ನಮ್ಮದು ಎಲಿ ಬಳ್ಳಿ. ಅಡಿಕಿ ಎಲ್ಲೈತ್ರಿ ನಮಗ? ಮಗಳ ಕೈಯಾಗ ಕೊಡ್ರಿ ಫೋನು." ದಕ್ಷಿಣ ಕನ್ನಡದಲ್ಲಿ ಪುತ್ತೂರಿನ ಹತ್ತಿರ ಇನ್ನೊಂದು ಸವಣೂರು ಇದೆಯೆಂದು ನನಗೆ ಗೊತ್ತಾದದ್ದು ಆಗ. ಮದುವೆಯಾದಂದಿನಿಂದ ವೀಳ್ಯದೆಲೆ, ಖಾರ ಕಟ್ಟಿ ಕಳಿಸುವ ಊರು ಯಾವುದೆಂದು ಅಳಿಯನಿಗೆ ಗೊತ್ತಿಲ್ಲ ಎಂಬ ಮಾತು ತವರಿನಲ್ಲಿ ಇನ್ನೂ ಓಡಾಡುತ್ತಿದೆ.

ಅದಾದ ಸ್ವಲ್ಪ ದಿನಕ್ಕೇ, 2023ರ ಜುಲೈ ಮಳೆಯಲ್ಲಿ, ಸವಣೂರಿನ ದೊಡ್ಡ ಹುಣಸೆ ಮರ ಬಿತ್ತು. ಗೊತ್ತಲ್ಲ, ಕಲ್ಮಠದ ಆ ಮೂರು ಆಫ್ರಿಕಾದ ಬಾವೊಬಾಬ್ ಮರಗಳು. ಅವುಗಳಲ್ಲಿ ಒಂದು ಬುಡಸಮೇತ ಉರುಳಿತು. ನಮ್ಮಾಕಿಗೆ ತವರಿನಿಂದ ಫೋನ್ ಬಂತು, ಆಕೆ ಕಣ್ಣಲ್ಲಿ ನೀರು ತಂದುಕೊಂಡು ನನಗೆ ಹೇಳಿದಳು. ನಾನು ಫೋನು ತೆಗೆದು ನೋಡಿ ಸಮಾಧಾನ ಹೇಳಿದೆ: "ಬಿದ್ದಿಲ್ಲ ಬಿಡು. ಫೀಡಿನ್ಯಾಗ ಬಂದಿಲ್ಲ."

"ನನ್ನ ತಮ್ಮ ಕಣ್ಣಾರೆ ನೋಡಿ ಬಂದಾನ್ರೀ."

"ಬಿದ್ದಿದ್ರ ಬರ್ತಿತ್ತು."

ತಮ್ಮ ವಾಟ್ಸ್ಆ್ಯಪಿನಲ್ಲಿ ಫೋಟೋ ಕಳಿಸಿದ. ಹಳೇ ಫೋಟೋ ಇರಬೇಕು ಎಂದೆ. ಸಾವಿರಾರು ವರ್ಷದ್ದೆಂದು ಜನ ನಂಬುವ ಮರ ಹಿಂದೆ ಯಾವಾಗ ಬಿದ್ದು ಫೋಟೋ ತೆಗೆಸಿಕೊಂಡಿತ್ತು ಎಂದು ಆಕೆ ಕೇಳಿದ್ದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಮರುದಿನ ಮುಂಜಾನೆ ಫೀಡಿನಲ್ಲಿ ಬಂತು. ನಾನು ಪಡಸಾಲೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದಿದೆ. ಮುಂದೆ ಅದನ್ನು ಎತ್ತಿ ನಿಲ್ಲಿಸಿ ಮತ್ತೆ ನೆಟ್ಟದ್ದನ್ನು ಮಾತ್ರ ಆಕೆ ನನಗೆ ಹೇಳಲಿಲ್ಲ. "ಫೀಡಿನ್ಯಾಗ ಬರ್ತೇತಿ, ಓದ್ಕೋರಿ," ಎಂದಳು.

ಶಿಗ್ಗಾಂವ ಬಹಳ ದಿನ ಸುಮ್ಮನಿತ್ತು. ಕಾರಣ ನನ್ನದೇ ಶಬ್ದ: ಒಬ್ಬರು ಶಿಗ್ಗಾವಿ ಎಂದು ಬರೆಯುತ್ತಾರೆ, ಒಬ್ಬರು ಶಿಗ್ಗಾಂವ್, ಇನ್ನೊಬ್ಬರು ಶಿಗ್ಗಾಂವಿ. ಮಷೀನು ಪಾಪ ಕೊಟ್ಟ ಅಕ್ಷರವನ್ನೇ ಹುಡುಕುತ್ತದೆ. ಎಲ್ಲ ರೂಪಗಳನ್ನೂ ಕೊಟ್ಟ ಮೇಲೆ 2024ರ ನವೆಂಬರ್ 13ರ ಉಪಚುನಾವಣೆ ಬಂತು, ಫೀಡು ಉಕ್ಕಿ ಹರಿಯಿತು. ಅಕ್ಕನಿಗೆ ಫೋನ್ ಮಾಡಿ, ಇವತ್ತು ನಿಮ್ಮೂರಿಗೆ ಮಂತ್ರಿಗಳು ಬರುತ್ತಾರಂತೆ ಎಂದೆ.

"ಯಾವ ಮಂತ್ರಿ ಅನ್ನೂದು ಹೇಳು ತಮ್ಮಾ. ಇಬ್ರು ಬಂದು ಹೋದ್ರು. ಒಬ್ಬಾಂವ ಈಗ ನಮ್ಮ ಕಟ್ಟಿ ಮ್ಯಾಲ ಕುಂತಾನ. ಚಾ ಉಕ್ಕಾಕತ್ತೈತಿ, ಇಡು."

ಇನ್ನು ಉಳಿದದ್ದು ಹಿರೇಕೆರೂರು, ಅಂದರೆ ಬೀಗರು. ಹೆಣ್ಣು ಕೊಟ್ಟವನು ನಾನು, ಸೊಂಟ ಬಗ್ಗಿಸಿಯೇ ಮಾತಾಡಬೇಕು. ಬೀಗರು ನಿವೃತ್ತ ಮಾಸ್ತರರು. ಸರ್ವಜ್ಞನ ಅಬಲೂರು ತಮ್ಮ ತಾಲೂಕಿನದೆಂಬ ಕಾರಣಕ್ಕೋ ಏನೋ, ಜಗತ್ತಿನಲ್ಲಿ ಎಲ್ಲರೂ ಎಲ್ಲವನ್ನೂ ತಿಳಿದಿರಬೇಕು ಎಂದು ನಂಬಿದವರು. ಹಬ್ಬಕ್ಕೆ ಬಂದಾಗ ಅವರಿಗೆ ನನ್ನ ಫೀಡು ತೋರಿಸಿದೆ, ಮೆಚ್ಚಲಿ ಎಂದು. ಅವರು ಮೆಚ್ಚಿದರು. ತಮ್ಮ ಫೋನಿಗೂ ಹಾಕಿಸಿಕೊಂಡರು. ಆಮೇಲೆ ನನ್ನ ಪರದೆಯ ಮೂಲೆಗೆ ಬೆರಳಿಟ್ಟು ಕೇಳಿದರು: "ಈ ನಂಬರು ಏನ್ರಿ ಬೀಗರ?"

ಅದು ಓದದೆ ಬಿಟ್ಟವುಗಳ ಲೆಕ್ಕ. ಸಾವಿರ ದಾಟಿದ ಮೇಲೆ ಆ್ಯಪಿಗೂ ಎಣಿಸಲು ಬೇಸರವಾಗಿ ಸಾವಿರದ ಮುಂದೆ ಅಧಿಕ ಚಿಹ್ನೆ ಹಾಕಿ ಸುಮ್ಮನಾಗಿತ್ತು.

"ಇಷ್ಟು ಬಾಕಿ ಇಟ್ಟೀರಿ?" ಎಂದರು. ಆ ದನಿ ಕೇಳಿ ನನ್ನ ಎರಡೂ ಅಂಗೈ ತಾವಾಗಿಯೇ ಬೆನ್ನ ಹಿಂದೆ ಹೋದವು.

ಅಂದಿನಿಂದ ಮುಂಜಾನೆ ಚಹಾದ ಹೊತ್ತಿಗೆ ಹಿರೇಕೆರೂರಿನಿಂದ ಫೋನ್. ಮಗಳ ಕ್ಷೇಮ ಮುಗಿದ ಕೂಡಲೇ ಪ್ರಶ್ನೆ: "ಬಾಕಿ ಎಷ್ಟ ಉಳದೈತ್ರಿ, ಬೀಗರ?" ಅವರು ಐದೇ ಫೀಡು ಇಟ್ಟುಕೊಂಡು ದಿನವೂ ಮುಗಿಸುತ್ತಾರೆ. ನಾನು ಎಂಟುನೂರು ಎನ್ನುತ್ತೇನೆ, ಮರುದಿನ ಆರುನೂರು, ಆಮೇಲೆ ನಾನೂರು. ಹೀಗೆ ಬಾಯಲ್ಲೇ ಇಳಿಸುತ್ತಾ ಇಪ್ಪತ್ತಕ್ಕೆ ತಂದಿದ್ದಾಗ, ತಾವೇ ಬರುತ್ತೇವೆ ಎಂದು ಸುದ್ದಿ ಕಳಿಸಿದರು.

ಅವರು ಬರುವ ಹಿಂದಿನ ರಾತ್ರಿ ಓದಲು ಕೂತೆ. ಷೇರು ಪೇಟೆಯಿಂ‌ದ ಆರಂಭಿಸಿದ್ದು ಜಾಣತನವಾಗಲಿಲ್ಲ. ನಡುರಾತ್ರಿ ನೀರು ಕುಡಿಯಲು ಎದ್ದ ನಮ್ಮಾಕಿ ನನ್ನ ಅವಸ್ಥೆ ನೋಡಿ ಫೋನ್ ಕಸಿದುಕೊಂಡಳು. ಮೇಲಿದ್ದ ಮೂರು ಚುಕ್ಕೆ ಒತ್ತಿ, "ಎಲ್ಲವನ್ನೂ ಓದಿದಂತೆ ಗುರುತಿಸು" ಎಂಬಲ್ಲಿ ಬೆರಳಿಟ್ಟಳು. ಸೊನ್ನೆ! ಇಂಥದೊಂದು ಗುಂಡಿ ಕಚೇರಿಯಲ್ಲಿ ಇದ್ದಿದ್ದರೆ ನಾನು ತಹಶೀಲ್ದಾರನಾಗಿ ನಿವೃತ್ತನಾಗುತ್ತಿದ್ದೆ.

ಮರುದಿನ ಬೀಗರು ಸೊನ್ನೆಯನ್ನು ಕನ್ನಡಕ ತೆಗೆದು ಒಮ್ಮೆ, ಹಾಕಿ ಒಮ್ಮೆ ನೋಡಿದರು. "ಶಾಭಾಸ್," ಎಂದರು. ನಾನು ನಮ್ಮಾಕಿಯ ಕಡೆ ನೋಡಿ ಮೀಸೆ ಮೇಲೆ ಕೈಯಾಡಿಸುವಷ್ಟರಲ್ಲಿ ಮೌಖಿಕ ಪರೀಕ್ಷೆ ಶುರುವಾಯಿತು. "ಹಂಗಾದ್ರ ಖಗೋಳದಾಗ ಈ ವಾರ ಏನ ಬಂದಿತ್ತು ಹೇಳ್ರಿ ನೋಡೂಣು." ನಾನು ಚಂದ್ರ ಎಂದೆ. ಚಂದ್ರ ಯಾವ ವಾರವಾದರೂ ಇದ್ದೇ ಇರುತ್ತಾನೆ. "ಚಂದ್ರಗ ಏನಾಗೈತ್ರಿ?" ಎಂದರು. ನಮ್ಮಾಕಿ ಒಳಗಿನಿಂದ ಹೋಳಿಗೆ ತಂದದ್ದರಿಂದ ಚಂದ್ರನೂ ನಾನೂ ಉಳಿದುಕೊಂಡೆವು.

ಮೊನ್ನೆ ಮುಂಜಾನೆ ಮತ್ತೆ ಫೋನ್. "ಬೀಗರ, ನಾಳೆ ನಿಮ್ಮ ಹಾನಗಲ್ಲಿನ್ಯಾಗ ಹತ್ತರಿಂದ ಐದರ ತನಕ ಕರೆಂಟ್ ತಗೀತಾರಂತ. ನಿಮ್ಮೂರಿನ ಹೆಸರ್ಲೆ ನಾನೂ ಒಂದು ಅಲರ್ಟ್ ಇಟ್ಟೇನ್ರಿ. ನಿಮಗ ಬಂದಿರಬೇಕಲ್ಲ?"

"ಬಂದೈತ್ರಿ," ಎಂದೆ, "ನಿನ್ನೇನ ಓದೇನಿ."

"ನಿನ್ನೆ? ಇದು ಬಂದು ಈಗ ಐದು ನಿಮಿಷ ಆತ್ರಿ."

ನಾನು ಕೆಮ್ಮಿದೆ. ನಮ್ಮಾಕಿ ಫೋನ್ ಇಸಕೊಂಡಳು. "ಹೌದ್ರಿ ಬೀಗರ, ನಮಗ ನಿನ್ನೇನ ಗೊತ್ತಾಗೈತಿ. ದ್ವಾಸಿ ಹಿಟ್ಟು ರುಬ್ಬಿ, ನೀರಿನ ಟಾಕಿನೂ ತುಂಬಿಸಿ ಇಟ್ಟೇನ್ರಿ."

ಆ ಕಡೆ ಬೀಗರು ದಂಗಾದದ್ದು ನನಗೂ ಕೇಳಿಸಿತು. "ಅಷ್ಟ ಲಗೂ ಬಂತಾ! ಯಾವ ಫೀಡು ತಂಗೀ ಅದು? ಅಡ್ರೆಸ್ ಕೊಡ್ರಲ್ಲ, ನಾನೂ ಸೇರಿಸ್ಕೋತೇನಿ."

ನಮ್ಮಾಕಿ ಕಿಟಕಿಯಿಂದ ಗೇಟಿನ ಕಡೆ ನೋಡಿದಳು. "ಹೂವಿನಾಕಿ ಇನ್ನೂ ಬಂದಿಲ್ರಿ," ಎಂದಳು. "ಬಂದ ಮ್ಯಾಲ ಕೇಳಿ ಹೇಳ್ತೇನಿ."